ಬೆನ್ನಚೀಲ ಹೊತ್ತು ಚೀನಾದಲ್ಲಿ ಒಂದು ತಿಂಗಳು: ಇಬ್ಬರು ಹೊರಡುವ ಮೊದಲು

ಪ್ರಶ್ನೆ: ನಾವಿಬ್ಬರು ಕಾಲೇಜು ದಿನಗಳಿಂದಲೂ ಗೆಳತಿಯರು. ನಾನು ಶಿವಮೊಗ್ಗದಲ್ಲಿದ್ದೇನೆ, ಅವಳು ಬೆಂಗಳೂರಿನಲ್ಲಿ. ಬೆನ್ನಚೀಲ ಹಾಕಿಕೊಂಡು ಒಂದು ತಿಂಗಳು ಚೀನಾ ಸುತ್ತಬೇಕು ಎಂದುಕೊಂಡಿದ್ದೇವೆ. ದೇಶದೊಳಗೆ ವಿಮಾನ ಬೇಡ, ರೈಲು ಮತ್ತು ಬಸ್ಸು ಸಾಕು. ತಲಾ ಒಂದೂವರೆ ಲಕ್ಷ ರೂಪಾಯಿ ಮೀರಬಾರದು. ಕೊನೆಗೆ ಟಿಬೆಟ್ ಮೂಲಕ ನೇಪಾಳಕ್ಕೆ ಇಳಿದು ಊರಿಗೆ ಮರಳುವ ಯೋಚನೆ. ನಾನು ಸಸ್ಯಾಹಾರಿ, ಅವಳು ಎಲ್ಲವನ್ನೂ ತಿನ್ನುತ್ತಾಳೆ. ಟಿಕೆಟ್, ಹಣ, ಮೊಬೈಲ್ ವ್ಯವಹಾರವನ್ನೆಲ್ಲ ಅವಳೇ ನೋಡಿಕೊಳ್ಳುತ್ತಾಳೆ, ನನಗೆ ಅದು ಅಷ್ಟಾಗಿ ಬರುವುದಿಲ್ಲ. ಇದು ಆಗುವ ಮಾತೇ?

ಉತ್ತರ: ಆಗುವ ಮಾತೇ. ಕೈ ಬಿಗಿ ಹಿಡಿದರೆ ನಿಮ್ಮ ಒಂದೂವರೆ ಲಕ್ಷದಲ್ಲಿಯೇ ಆಗುತ್ತದೆ. ಟಿಬೆಟ್ ವಿಷಯಕ್ಕೆ ಆಮೇಲೆ ಬರುತ್ತೇನೆ, ಊಟದ ವಿಷಯಕ್ಕೂ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಅವೆರಡಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸಿದ್ದು ‘ಅವಳೇ ನೋಡಿಕೊಳ್ಳುತ್ತಾಳೆ’ ಎಂಬ ಮಾತು.

ಬೇರೆ ಎಷ್ಟೋ ದೇಶಗಳಲ್ಲಿ ಇದು ನಡೆದುಹೋಗುತ್ತದೆ. ಒಬ್ಬರು ಮುಂದೆ ನಡೆದು ದಾರಿ ಕೇಳಿ ದುಡ್ಡು ಕೊಡುತ್ತಾರೆ, ಇನ್ನೊಬ್ಬರು ಹಿಂದೆ ಬರುತ್ತಾರೆ. ಚೀನಾದ ವ್ಯವಸ್ಥೆ ಹಾಗಿಲ್ಲ. ಅಲ್ಲಿ ರೈಲಿನ ಟಿಕೆಟ್ ನಿಮ್ಮ ಪಾಸ್‌ಪೋರ್ಟಿನಲ್ಲಿದೆ, ಹಣ ನಿಮ್ಮ ಮೊಬೈಲಿನಲ್ಲಿದೆ, ಆ ಮೊಬೈಲ್ ಖಾತೆಗೆ ನಿಮ್ಮ ಗುರುತಿನ ಪರಿಶೀಲನೆ ಆಗಿರಬೇಕು, ತಂಗುವ ಕೋಣೆ ಮತ್ತೆ ಪಾಸ್‌ಪೋರ್ಟಿನ ಮೇಲೆಯೇ ಪೊಲೀಸರಲ್ಲಿ ನೋಂದಣಿಯಾಗುತ್ತದೆ. ನೂಡಲ್ಸ್ ಅಂಗಡಿಯಲ್ಲಿ ತಿಂಡಿಯ ಪಟ್ಟಿ ನೋಡಲು ಕೂಡ ಮೇಜಿನ ಮೇಲಿನ ಕ್ಯೂಆರ್ ಚೌಕವನ್ನು ಸ್ಕ್ಯಾನ್ ಮಾಡಬೇಕಾದೀತು. ಎಲ್ಲವೂ ಒಬ್ಬೊಬ್ಬ ವ್ಯಕ್ತಿಗೆ ಕಟ್ಟಿಟ್ಟಂತಿದೆ. ನಿಮ್ಮ ಗೆಳತಿಗೆ ಜ್ವರ ಬಂದು ಮಲಗಿದ ದಿನ, ಅಥವಾ ಅವಳ ಫೋನ್ ಕೈತಪ್ಪಿ ಬಿದ್ದ ದಿನ, ಇಬ್ಬರಿಗೂ ಊಟವಿಲ್ಲ, ಟಿಕೆಟ್ ಇಲ್ಲ, ದಾರಿಯೂ ಗೊತ್ತಿಲ್ಲ ಎಂಬಂತಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಮನಸ್ಸಿನಲ್ಲಿ ಆಗುತ್ತದೆ. ದಿನವಿಡೀ ನಿರ್ಧಾರ ತೆಗೆದುಕೊಳ್ಳುವವಳಿಗೆ ಹತ್ತನೆಯ ದಿನದ ಹೊತ್ತಿಗೆ ಸಿಟ್ಟು ಬರುತ್ತದೆ, ಅನುಸರಿಸುವವಳಿಗೆ ಮುಜುಗರವಾಗುತ್ತದೆ. ದೂರದ ಪ್ರಯಾಣಗಳಲ್ಲಿ ಗೆಳೆತನ ಮುರಿದದ್ದನ್ನು ನಾನು ಕಂಡಿರುವುದು ಬಹುಮಟ್ಟಿಗೆ ಹೀಗೆಯೇ.

ಆದ್ದರಿಂದ ನನ್ನದು ಒಂದೇ ಷರತ್ತು. ಇಬ್ಬರೂ ಈ ದಾರಿಯನ್ನು ಒಂಟಿಯಾಗಿ ಮುಗಿಸಬಲ್ಲಷ್ಟು ಸಿದ್ಧರಾಗಿ, ಆಮೇಲೆ ಜೊತೆಯಲ್ಲಿ ಹೊರಡಿ. ಮುಂದೆ ಹೇಳುವುದನ್ನೆಲ್ಲ ಈ ಕಣ್ಣಿನಿಂದಲೇ ಓದಿ.

ಮೊದಲು ಟಿಬೆಟ್ಟನ್ನು ಪಟ್ಟಿಯಿಂದ ತೆಗೆಯೋಣ. ಟಿಬೆಟ್ ಸ್ವಾಯತ್ತ ಪ್ರದೇಶಕ್ಕೆ ವಿದೇಶಿಯರು ತಮ್ಮ ಪಾಡಿಗೆ ಹೋಗುವಂತಿಲ್ಲ. ಚೀನಾ ವೀಸಾದ ಮೇಲೆ ಇನ್ನೊಂದು ಪ್ರವಾಸ ಪರವಾನಗಿ ಬೇಕು. ಅದನ್ನು ಪ್ರವಾಸ ಸಂಸ್ಥೆಯೇ ಮಾಡಿಸಿಕೊಡಬೇಕು, ಮಾರ್ಗದರ್ಶಿಯನ್ನೂ ಲ್ಹಾಸಾದ ಹೊರಗಿನ ಓಡಾಟಕ್ಕೆ ವಾಹನವನ್ನೂ ಮುಂಚಿತವಾಗಿ ಗೊತ್ತು ಮಾಡಿರಬೇಕು. ಆ ಒಂದು ವಾರದ ಖರ್ಚಿನಲ್ಲಿ ಉಳಿದ ಚೀನಾದಲ್ಲಿ ಎರಡು ಮೂರು ವಾರ ನೆಮ್ಮದಿಯಾಗಿ ಕಳೆಯಬಹುದು. ನೇಪಾಳದ ಗಡಿಯನ್ನೂ ನಂಬಿಕೊಂಡು ಕೂರುವ ಹಾಗಿಲ್ಲ. 2015ರ ಭೂಕಂಪದ ನಂತರ ಕೋದಾರಿ ದಾರಿ ವರ್ಷಗಟ್ಟಲೆ ಮುಚ್ಚಿತ್ತು, 2025ರ ಜುಲೈ ಪ್ರವಾಹದಲ್ಲಿ ಇನ್ನೊಂದು ಗಡಿ ದಾರಿಯಾದ ರಸುವಾಗಢಿಯ ಸೇತುವೆ ಕೊಚ್ಚಿಹೋಯಿತು. ಭಾರತ ಮತ್ತು ಚೀನಾದ ನಡುವೆ ಸಾಮಾನ್ಯ ಪ್ರವಾಸಿಗೆ ತೆರೆದ ನೆಲದ ಗಡಿಯೇ ಇಲ್ಲ. ಲಿಪುಲೇಖ್ ಮತ್ತು ನಾಥು ಲಾ ಕೈಲಾಸ ಮಾನಸ ಸರೋವರದ ಯಾತ್ರಿಕರಿಗೆ ಮೀಸಲು.

ಟಿಬೆಟನ್ ಬದುಕನ್ನು ನೋಡಲೇಬೇಕೆಂಬ ಆಸೆಯಿದ್ದರೆ ಗಾನ್ಸು ಪ್ರಾಂತ್ಯದ ಶ್ಯಾಹೆಗೆ ಹೋಗಿ. ಲಾಂಝೌನಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ, ಪರವಾನಗಿಯ ಗೊಡವೆ ಇಲ್ಲ. ಅಲ್ಲಿ 1709ರಲ್ಲಿ ಕಟ್ಟಿದ ಲಾಬ್ರಾಂಗ್ ಮಠವಿದೆ. ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರಿಗೆ ಸ್ವಲ್ಪ ಕಡಿಮೆ ಎತ್ತರ. ಮಠದ ಸುತ್ತಲಿನ ಪ್ರಾರ್ಥನಾ ಚಕ್ರಗಳ ಪ್ರದಕ್ಷಿಣಾ ಪಥದಲ್ಲಿ ಹಳ್ಳಿಗರ ಜೊತೆ ಬೆಳಗಿನ ಹೊತ್ತು ಒಂದು ಸುತ್ತು ಹಾಕಿ. ಕನ್ನಡಿಗರಿಗೆ ಇಲ್ಲೊಂದು ನಂಟಿದೆ. ಈ ಮಠವನ್ನು ಸ್ಥಾಪಿಸಿದ ಮೊದಲನೆಯ ಜಾಮ್ಯಾಂಗ್ ಶೆಪಾ ಲ್ಹಾಸಾ ಹತ್ತಿರದ ಡ್ರೆಪುಂಗ್ ಗೋಮಾಂಗ್ ವಿದ್ಯಾಪೀಠದವರು. ಅದೇ ಗೋಮಾಂಗ್ ಪರಂಪರೆ ಇಂದು ನಮ್ಮ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಮುಂದುವರಿದಿದೆ. ಆದರೆ ಮುಂಡಗೋಡಿನ ಫೋಟೋಗಳನ್ನು ತೋರಿಸಿ ಸಂಭ್ರಮಿಸಲು ಹೋಗಬೇಡಿ. ದಲೈ ಲಾಮಾ ಅವರ ಚಿತ್ರವಾಗಲಿ ಪುಸ್ತಕವಾಗಲಿ ನಿಮ್ಮ ಚೀಲದಲ್ಲಿಯೂ ಫೋನಿನಲ್ಲಿಯೂ ಇರಬಾರದು. ತೊಂದರೆ ನಿಮಗಿಂತ ಹೆಚ್ಚಾಗಿ ನಿಮ್ಮ ಜೊತೆ ಮಾತನಾಡಿದವರಿಗೆ ಆಗುತ್ತದೆ. ಹಾಗೆಯೇ ಭಾರತದಲ್ಲಿ ಅಚ್ಚಾದ ಏಷ್ಯಾ ನಕ್ಷೆಯನ್ನೂ ಮನೆಯಲ್ಲೇ ಬಿಡಿ. ಗಡಿ ರೇಖೆಗಳು ತಮ್ಮ ಲೆಕ್ಕಕ್ಕೆ ಹೊಂದದ ನಕ್ಷೆಗಳನ್ನು ಅಲ್ಲಿನ ಸುಂಕದವರು ಕಿತ್ತುಕೊಳ್ಳುತ್ತಾರೆ.

ಹಾಗಾದರೆ ದಾರಿ ಯಾವುದು? ನಾನು ಹೇಳುವುದು ತೆಂಕಣ ಲಾವೋಸಿನಿಂದ ಹೊಕ್ಕು ಪಡುವಣ ಕಝಾಕಸ್ತಾನಕ್ಕೆ ಹೊರಬೀಳುವ ದಾರಿ. ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನ, ಅಲ್ಲಿಂದ ರಾತ್ರಿ ರೈಲಿನಲ್ಲಿ ಲಾವೋಸಿನ ವಿಯೆಂಟಿಯಾನ್. ವಿಯೆಂಟಿಯಾನಿನಿಂದ ಚೀನಾದ ಕುನ್ಮಿಂಗಿಗೆ 1,035 ಕಿಲೋಮೀಟರಿನ ರೈಲು ಮಾರ್ಗ 2021ರ ಡಿಸೆಂಬರಿನಲ್ಲಿ ಆರಂಭವಾಯಿತು. ಗಡಿ ದಾಟುವ ಪ್ರಯಾಣಿಕರ ರೈಲು 2023ರ ಏಪ್ರಿಲಿನಿಂದ ಓಡುತ್ತಿದೆ. ಬೋತೆನ್ ನಿಲ್ದಾಣದಲ್ಲಿ ಒಮ್ಮೆ, ಮೋಹಾನ್ ನಿಲ್ದಾಣದಲ್ಲಿ ಇನ್ನೊಮ್ಮೆ ಎಲ್ಲರೂ ಸಾಮಾನು ಸಮೇತ ಇಳಿದು ತಪಾಸಣೆ ಮುಗಿಸಿ ಮತ್ತೆ ಹತ್ತಬೇಕು. ಹನೋಯ್‌ನಿಂದ ಲಾವ್ ಕಾಯ್‌ಗೆ ಬಂದು ಸೇತುವೆಯ ಮೇಲೆ ನಡೆದು ಚೀನಾದ ಹೆಕೋ ಊರಿಗೆ ಹೊಕ್ಕುವ ಹಳೆಯ ದಾರಿಯೂ ಚೆನ್ನಾಗಿಯೇ ಇದೆ. ವಿಯೆಟ್ನಾಂ ಇ-ವೀಸಾ ಸುಲಭವಾಗಿ ಸಿಗುವುದರಿಂದ ಅದನ್ನು ಆರಿಸಿಕೊಂಡರೂ ತಪ್ಪಿಲ್ಲ. ಎರಡೂ ದಾರಿಗಳು ಕುನ್ಮಿಂಗಿನಲ್ಲಿ ಸೇರುತ್ತವೆ.

ಕುನ್ಮಿಂಗಿನಿಂದ ದಾಲಿ, ಲಿಜ್ಯಾಂಗ್, ಅಲ್ಲಿಂದ ಹುಲಿಜಿಗಿತದ ಕಮರಿಯಲ್ಲಿ ಎರಡು ದಿನದ ನಡಿಗೆ. ಆಮೇಲೆ ಚೆಂಗ್ಡು, ಷಿಯಾನ್, ಲಾಂಝೌ, ಶ್ಯಾಹೆ, ಜಾಯುಗುವಾನ್, ದುನ್‌ಹುವಾಂಗ್, ತುರ್ಫಾನ್, ಉರುಮ್ಚಿ. ಕೊನೆಗೆ ಖೋರ್ಗೋಸ್ ಗಡಿ ದಾಟಿ ಅಲ್ಮಾತಿ, ಅಲ್ಲಿಂದ ದೆಹಲಿಗೆ ವಿಮಾನ. ಭಾರತೀಯರಿಗೆ ಕಝಾಕಸ್ತಾನದಲ್ಲಿ 14 ದಿನದವರೆಗೆ ವೀಸಾ ಬೇಕಿಲ್ಲ ಎಂಬುದು ಈ ಯೋಜನೆಯ ಬೆನ್ನೆಲುಬು.

ಬೀಜಿಂಗ್, ಶಾಂಘೈ ಎಲ್ಲಿ ಎಂದು ನಿಮ್ಮ ಮನೆಯವರು ಕೇಳುತ್ತಾರೆ. ಬೇಡ. ಅವು ಪೂರ್ವದ ಅಂಚಿನಲ್ಲಿವೆ, ದುಬಾರಿ, ಮತ್ತು ಮೂವತ್ತು ದಿನದಲ್ಲಿ ಎಲ್ಲವನ್ನೂ ತುರುಕಿದರೆ ನಿಮಗೆ ನೆನಪಿನಲ್ಲಿ ಉಳಿಯುವುದು ರೈಲು ನಿಲ್ದಾಣಗಳ ತಪಾಸಣೆಯ ಸಾಲು ಮಾತ್ರ. ಮಹಾಗೋಡೆಯನ್ನು ಜಾಯುಗುವಾನಿನಲ್ಲಿ ನೋಡಿ. ಮಿಂಗ್ ಅರಸರ ಗೋಡೆಯ ಪಶ್ಚಿಮದ ತುದಿಯ ಕೋಟೆ ಅದು. 1372ರಲ್ಲಿ ಕಟ್ಟಲು ತೊಡಗಿದರು. ಒಂದು ಕಡೆ ಹಿಮದ ಬೆಟ್ಟ, ಇನ್ನೊಂದು ಕಡೆ ಬೋಳು ಮರುಭೂಮಿ, ನಡುವೆ ಮಣ್ಣಿನ ಬಣ್ಣದ ಗೋಡೆ. ಬೀಜಿಂಗಿನ ಜನಜಂಗುಳಿ ಅಲ್ಲಿಲ್ಲ.

ಷಿಯಾನಿನಿಂದ ತುರ್ಫಾನಿನವರೆಗಿನ ದಾರಿ ನಿಮಗೆ ಪಾಠಪುಸ್ತಕದಿಂದಲೇ ಗೊತ್ತಿರುವ ಒಬ್ಬ ಮನುಷ್ಯನದು. ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು ಅವನ ಬಗ್ಗೆ ಬರೆದಿಟ್ಟ ಹ್ಯೂಯೆನ್ ತ್ಸಾಂಗ್ ಏಳನೆಯ ಶತಮಾನದಲ್ಲಿ ಅಪ್ಪಣೆಯಿಲ್ಲದೆ ದೇಶ ಬಿಟ್ಟು ಹೊರಟದ್ದು ಇದೇ ಹಾದಿಯಲ್ಲಿ. ಭಾರತದಿಂದ ತಂದ ಗ್ರಂಥಗಳನ್ನು ಇಡಲೆಂದು 652ರಲ್ಲಿ ಕಟ್ಟಿದ ದೊಡ್ಡ ಕಾಡುಬಾತು ಪಗೋಡ ಷಿಯಾನಿನಲ್ಲಿ ಇಂದಿಗೂ ನಿಂತಿದೆ. ಜೊತೆಗಾರರ ವಿಷಯದಲ್ಲಿ ಅವನ ಅನುಭವ ಮಾತ್ರ ಚೆನ್ನಾಗಿರಲಿಲ್ಲ. ಗಡಿಯ ಹತ್ತಿರ ದಾರಿ ತೋರಿಸಲು ಒಪ್ಪಿ ಬಂದವನು ರಾತ್ರಿ ಕತ್ತಿ ಹಿರಿದು ಹತ್ತಿರ ಸುಳಿದನಂತೆ. ಮರುದಿನ ಅವನನ್ನು ಹಿಂದಕ್ಕೆ ಕಳುಹಿಸಿ ಈ ಭಿಕ್ಷು ಒಬ್ಬನೇ ಮರುಭೂಮಿ ದಾಟಿದ ಎಂದು ಅವನ ಜೀವನಚರಿತ್ರೆ ಹೇಳುತ್ತದೆ. ತುರ್ಫಾನಿನ ಬಳಿಯ ಗಾವ್‌ಚಾಂಗ್ ಅರಸನಿಗೆ ಇವನ ಮೇಲೆ ಎಷ್ಟು ಪ್ರೀತಿ ಹುಟ್ಟಿತೆಂದರೆ ಬಿಟ್ಟುಕೊಡಲೇ ಒಪ್ಪಲಿಲ್ಲ. ಉಪವಾಸ ಕೂತು ಬಿಡಿಸಿಕೊಂಡು ಹೋಗಬೇಕಾಯಿತು. ಆ ಊರಿನ ಮಣ್ಣುಗೋಡೆಗಳ ಅವಶೇಷವನ್ನು ನೀವು ನೋಡಬಹುದು. ಇಡೀ ಯಾತ್ರೆಯಲ್ಲಿ ನಾನು ಅತಿ ಹೆಚ್ಚು ಸಮಯ ಇಟ್ಟುಕೊಳ್ಳಿ ಎನ್ನುವುದು ಷಿಯಾನಿನಿಂದ ತುರ್ಫಾನಿನವರೆಗಿನ ಈ ದಾರಿಗೇ.

ವೀಸಾ. ಚೀನಾದ ವೀಸಾರಹಿತ ಸಾಗಣೆ ಸೌಲಭ್ಯದಲ್ಲಿ ಭಾರತದ ಹೆಸರಿಲ್ಲ, ಆದ್ದರಿಂದ ಪ್ರವಾಸಿ ವೀಸಾ ಬೇಕೇ ಬೇಕು. ಸಾಮಾನ್ಯವಾಗಿ 30 ದಿನದ ವಾಸಕ್ಕೆ ಕೊಡುತ್ತಾರೆ. ಒಳಗೆ ಹೋದ ಮೇಲೆ ವಿಸ್ತರಣೆಗೆ ಅರ್ಜಿ ಹಾಕಬಹುದಾದರೂ ಅಷ್ಟು ದಿನ ಪಾಸ್‌ಪೋರ್ಟ್ ಅವರ ಬಳಿ ಉಳಿಯುತ್ತದೆ. ಯೋಜನೆಯನ್ನೇ 27–28 ದಿನಕ್ಕೆ ಹೊಂದಿಸಿ. ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಿ. ಗುಂಪು ವೀಸಾ ಅಗ್ಗ ಎಂದು ಯಾರಾದರೂ ಆಸೆ ತೋರಿಸಿದರೆ ಒಪ್ಪಬೇಡಿ, ಅದರಲ್ಲಿ ಹೊಕ್ಕವರೆಲ್ಲ ಒಟ್ಟಿಗೇ ಹೊರಡಬೇಕು. ಒಬ್ಬರ ಮನೆಯಲ್ಲಿ ತುರ್ತು ಬಂದರೆ ಇಬ್ಬರ ಪ್ರಯಾಣವೂ ಮುಗಿಯಿತು.

ಸಮಯದ ಬಗ್ಗೆ ನನ್ನ ಆಯ್ಕೆ ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ 27ರವರೆಗೆ. ಕುನ್ಮಿಂಗ್, ದಾಲಿ ಇರುವ ಯುನ್ನಾನ್ ಪ್ರಾಂತ್ಯದಲ್ಲಿ ಸ್ವಲ್ಪ ಮಳೆ ಸಿಗುತ್ತದೆ, ನೀವು ಶಿವಮೊಗ್ಗದವರು, ಹೆದರುವುದಿಲ್ಲ. ತುರ್ಫಾನಿನ ಕೆಂಡದಂಥ ಬೇಸಿಗೆ ಆ ಹೊತ್ತಿಗೆ ತಗ್ಗಿ ದ್ರಾಕ್ಷಿ ಬಂದಿರುತ್ತದೆ. ಅಕ್ಟೋಬರ್ 1ಕ್ಕೆ ರಾಷ್ಟ್ರೀಯ ದಿನದ ವಾರದ ರಜೆ ಆರಂಭವಾಗುತ್ತದೆ, ಇಡೀ ದೇಶ ರೈಲು ಹತ್ತುತ್ತದೆ, ಕೋಣೆಗಳ ಬೆಲೆ ಎರಡು ಮೂರು ಪಟ್ಟಾಗುತ್ತದೆ. ಅದಕ್ಕೆ ಮೊದಲೇ ಗಡಿ ದಾಟಿಬಿಡಿ. ಮೇ ಮೊದಲ ವಾರ ಮತ್ತು ಚೀನೀ ಹೊಸವರ್ಷದ ಆಸುಪಾಸೂ ಹಾಗೆಯೇ.

ಇನ್ನು ನೀವು ‘ಬರುವುದಿಲ್ಲ’ ಎಂದ ಮೊಬೈಲಿನ ವಿಷಯ. ಇದಕ್ಕೆ ಮನೆಯಲ್ಲಿ ಒಂದು ಭಾನುವಾರ ಸಾಕು. ಅಲ್ಲಿ ಹಣ ಕೊಡಲು ಬಳಸುವ ಅಲಿಪೇ ಮತ್ತು ವೀಚಾಟ್ ಎಂಬ ಆ್ಯಪ್ ಎರಡನ್ನೂ ಇಬ್ಬರೂ ತಂತಮ್ಮ ಫೋನಿಗೆ ಹಾಕಿಕೊಳ್ಳಿ, ಪಾಸ್‌ಪೋರ್ಟಿನ ವಿವರ ಕೊಟ್ಟು ಗುರುತು ದೃಢಪಡಿಸಿ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡನ್ನು ಜೋಡಿಸಿ. ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ತೆರೆದಿಡುವುದನ್ನು ಮರೆಯಬೇಡಿ, ನಮ್ಮ ಕಾರ್ಡುಗಳಲ್ಲಿ ಅದು ಮೊದಲು ಮುಚ್ಚಿಯೇ ಇರುತ್ತದೆ. ಇಬ್ಬರ ಕಾರ್ಡು ಬೇರೆ ಬೇರೆ ಬ್ಯಾಂಕಿನದಾಗಿರಲಿ. ಒಂದು ಬ್ಯಾಂಕ್ ಅನುಮಾನಪಟ್ಟು ತಡೆದರೆ ಇನ್ನೊಂದು ನಡೆಯುತ್ತದೆ. ಹೊರದೇಶದ ಕಾರ್ಡಿಗೆ ಒಂದು ಪಾವತಿ 200 ಯುವಾನ್ ದಾಟಿದರೆ ಶೇಕಡಾ 3ರಷ್ಟು ಶುಲ್ಕ ಬೀಳುತ್ತದೆ, ಅದರೊಳಗೆ ಇದ್ದರೆ ಇಲ್ಲ. ನಾನೂರು ಯುವಾನಿನವರೆಗಿನ ಬಿಲ್ಲನ್ನು ಇಬ್ಬರೂ ಅರ್ಧರ್ಧ ಕೊಟ್ಟರೆ ಅದು ಉಳಿಯುತ್ತದೆ, ನೋಡಿ, ಜೊತೆಗಾರ್ತಿ ಇರುವುದರ ಮೊದಲ ಲಾಭ. ಕೈಯಲ್ಲಿ ತಲಾ ಐನೂರು ಯುವಾನ್ ನಗದು ಇರಲಿ. ನಗದನ್ನು ನಿರಾಕರಿಸುವಂತಿಲ್ಲ ಎಂಬ ನಿಯಮ ಅಲ್ಲಿದೆ, ಚಿಲ್ಲರೆ ಇರುವುದಿಲ್ಲ ಅಷ್ಟೇ.

ಗೂಗಲ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಅಲ್ಲಿನ ವೈಫೈನಲ್ಲಿ ತೆರೆಯುವುದಿಲ್ಲ. ಆದರೆ ಹೊರದೇಶದ ಸಿಮ್ಮಿನ ರೋಮಿಂಗ್ ಅಥವಾ ಪ್ರವಾಸಿ ಇ-ಸಿಮ್ ಹಾಕಿಕೊಂಡರೆ ಸಂಪರ್ಕ ಆಯಾ ದೇಶದ ಜಾಲದ ಮೂಲಕ ಹೋಗುವುದರಿಂದ ಎಲ್ಲವೂ ನಡೆಯುತ್ತದೆ. ಒಬ್ಬಳ ಹಾಟ್‌ಸ್ಪಾಟಿನಲ್ಲಿ ಇನ್ನೊಬ್ಬಳು ತೂಗಾಡುವುದು ಬೇಡ, ಇಬ್ಬರಿಗೂ ಪ್ರತ್ಯೇಕವಾಗಿ ಇರಲಿ. ಓಟಿಪಿ ಬರಬೇಕಾದ್ದರಿಂದ ಭಾರತದ ನಂಬರಿನ ಸಿಮ್ ಕೂಡ ಜೀವಂತವಾಗಿರಲಿ. ಗೂಗಲ್ ನಕ್ಷೆಯನ್ನು ಚೀನಾದಲ್ಲಿ ನಂಬಬೇಡಿ. ಅಲ್ಲಿನ ನಕ್ಷೆಗಳ ಅಳತೆಯ ಲೆಕ್ಕವೇ ಬೇರೆಯಾದ್ದರಿಂದ ನೀವು ನಿಂತ ಜಾಗವನ್ನು ನೂರಾರು ಮೀಟರ್ ಆಚೆ ತೋರಿಸುತ್ತದೆ. ಆಮ್ಯಾಪ್ ಎಂಬ ಅಲ್ಲಿನ ನಕ್ಷೆ ಈಗ ಇಂಗ್ಲಿಷಿನಲ್ಲಿಯೂ ಸಿಗುತ್ತದೆ.

ರೈಲಿನ ಟಿಕೆಟಿಗೆ ಅಧಿಕೃತ ಆ್ಯಪಿನ ಹೆಸರು 12306. ನಮ್ಮ ತತ್ಕಾಲ್ ಟಿಕೆಟಿನಲ್ಲಿ ಪಳಗಿದವರಿಗೆ ಅದು ಸುಲಭವೇ. ಪಾಸ್‌ಪೋರ್ಟ್ ಪರಿಶೀಲನೆಗೆ ಕೆಲವು ದಿನ ಹಿಡಿಯಬಹುದಾದ್ದರಿಂದ ಖಾತೆಗಳನ್ನು ಊರಲ್ಲೇ ತೆರೆಯಿರಿ. ಇಬ್ಬರದೂ, ಮತ್ತು ಒಬ್ಬರ ಖಾತೆಯಲ್ಲಿ ಇನ್ನೊಬ್ಬರ ಹೆಸರೂ. ಟಿಕೆಟ್ ಮಾರಾಟ ಹೊರಡುವ ದಿನಕ್ಕೆ 15 ದಿನ ಮೊದಲು ತೆರೆಯುತ್ತದೆ. ಕಾಗದದ ಟಿಕೆಟ್ ಇಲ್ಲ, ಪಾಸ್‌ಪೋರ್ಟೇ ಟಿಕೆಟ್. ಸಿಬ್ಬಂದಿ ಇರುವ ದ್ವಾರದಲ್ಲಿ ಅದನ್ನು ತೋರಿಸಿದರೆ ಸಾಕು. ನಿಲ್ದಾಣವನ್ನು ಒಂದು ಗಂಟೆ ಮೊದಲು ಸೇರಿ. ಹೊರಡಲು ಕೆಲವು ನಿಮಿಷ ಇರುವಾಗಲೇ ದ್ವಾರ ಮುಚ್ಚುತ್ತದೆ, ಓಡಿ ಹತ್ತುವ ನಮ್ಮ ಪದ್ಧತಿ ಅಲ್ಲಿ ನಡೆಯದು. ಒಂದೇ ಊರಿಗೆ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಮೂರು ನಾಲ್ಕು ನಿಲ್ದಾಣಗಳಿರುತ್ತವೆ, ಹೆಸರನ್ನು ಎರಡು ಸಲ ಓದಿ. ತುರ್ಫಾನ್ ಎಂಬ ಹಳೆಯ ನಿಲ್ದಾಣ ಊರಿನಿಂದ ಐವತ್ತು ಕಿಲೋಮೀಟರಿನಷ್ಟು ದೂರದ ದಾಹೆಯಾನಿನಲ್ಲಿದೆ, ನಿಮಗೆ ಬೇಕಾದ್ದು ತುರ್ಫಾನ್ ಉತ್ತರ. ದುನ್‌ಹುವಾಂಗಿಗೆಂದು ಲಿಯುಯುವಾನಿನಲ್ಲಿ ಇಳಿದರೆ ಇನ್ನೂ ನೂರು ಕಿಲೋಮೀಟರಿಗಿಂತ ಹೆಚ್ಚು ರಸ್ತೆ ಉಳಿದಿರುತ್ತದೆ.

ದರದ ಅಂದಾಜು ಇದು. ವೇಗದ ರೈಲಿನ ಎರಡನೆಯ ದರ್ಜೆಗೆ ನೂರು ಕಿಲೋಮೀಟರಿಗೆ ಹೆಚ್ಚುಕಡಿಮೆ 40 ಯುವಾನ್, ಸಾಮಾನ್ಯ ರೈಲಿನ ಗಟ್ಟಿ ಮಲಗುವ ದರ್ಜೆಗೆ ಅದರ ಅರ್ಧ, ಗಟ್ಟಿ ಆಸನಕ್ಕೆ ಇನ್ನೂ ಕಡಿಮೆ. ಇಷ್ಟು ವಿಶಾಲವಾದ ದೇಶದಲ್ಲಿ ಇದು ದೊಡ್ಡ ವ್ಯತ್ಯಾಸ. ಗಟ್ಟಿ ಎಂಬ ಹೆಸರಿಗೆ ಅಂಜಬೇಡಿ, ಮೆತ್ತೆ, ದಿಂಬು, ಹೊದಿಕೆ ಎಲ್ಲ ಕೊಡುತ್ತಾರೆ. ಬಾಗಿಲಿಲ್ಲದ ಒಂದೊಂದು ಗೂಡಿಗೆ ಆರು ಬರ್ತು. ಕೆಳಗಿನದು ಸ್ವಲ್ಪ ದುಬಾರಿ, ಹಗಲಿಡೀ ಅದರ ಮೇಲೆ ಊರವರೆಲ್ಲ ಕೂತು ಸೂರ್ಯಕಾಂತಿ ಬೀಜ ಒಡೆಯುತ್ತಿರುತ್ತಾರೆ. ಮೇಲಿನದರಲ್ಲಿ ತಲೆ ಎತ್ತಲಾಗದು. ನಡುವಿನದು ಒಳ್ಳೆಯದು. ಒಬ್ಬಳು ನಡುವೆ, ಒಬ್ಬಳು ಕೆಳಗೆ ತೆಗೆದುಕೊಂಡು ಸರದಿ ಬದಲಿಸಿ. ಗಾನ್ಸು ಮತ್ತು ತುರ್ಫಾನ್, ಉರುಮ್ಚಿ ಇರುವ ಪಶ್ಚಿಮದ ಷಿನ್‌ಜ್ಯಾಂಗ್ ಪ್ರದೇಶದ ದೂರದ ಓಟಗಳನ್ನು ರಾತ್ರಿಯಲ್ಲಿ ಇಟ್ಟುಕೊಂಡರೆ ಒಂದೊಂದು ಓಟಕ್ಕೂ ಒಂದು ಕೋಣೆಯ ಬಾಡಿಗೆ ಉಳಿಯುತ್ತದೆ. ಚೆಂಗ್ಡುವಿನಿಂದ ಷಿಯಾನಿಗೆ ಮಾತ್ರ ಹಗಲಿನ ವೇಗದ ರೈಲು ಹಿಡಿಯಿರಿ. ಚಿನ್‌ಲಿಂಗ್ ಬೆಟ್ಟಸಾಲನ್ನು ಸುರಂಗಗಳಲ್ಲಿ ಕೊರೆದು ನಾಲ್ಕು ಗಂಟೆಯೊಳಗೆ ಮುಟ್ಟಿಸುವ ಆ ಮಾರ್ಗ ದುಡ್ಡಿಗೆ ತಕ್ಕದ್ದು.

ನಿಲ್ದಾಣದ ಎಕ್ಸ್‌ರೇಯಲ್ಲಿ ಅಡುಗೆ ಚಾಕು, ಸ್ವಿಸ್ ಚಾಕು, ದೊಡ್ಡ ಸ್ಪ್ರೇ ಡಬ್ಬಿ ಸಿಕ್ಕಿಬಿದ್ದು ಕೈತಪ್ಪಿ ಹೋಗುತ್ತವೆ. ಪವರ್ ಬ್ಯಾಂಕ್ 100 ವಾಟ್-ಅವರ್ ಮೀರಬಾರದು, ಎಂದರೆ 20,000 ಎಂಎಎಚ್‌ನದರವರೆಗೆ ತೊಂದರೆ ಇಲ್ಲ. ಅಳತೆ ಅದರ ಮೇಲೆ ಅಳಿಸದೆ ಕಾಣುವಂತಿರಬೇಕು.

ತಂಗುವುದರಲ್ಲಿ ಜೋಡಿಯಾಗಿ ಹೋಗುವುದರ ನಿಜವಾದ ಲಾಭ ಸಿಗುತ್ತದೆ. ಹಾಸ್ಟೆಲಿನ ಸಾಲುಮಂಚಕ್ಕೆ ತಲಾ 50ರಿಂದ 80 ಯುವಾನ್ ಆಗುತ್ತದೆ. ದಾಲಿ, ಷಿಯಾನಿನಂಥ ಊರಲ್ಲಿ ಎರಡು ಮಂಚದ ಸ್ವಚ್ಛವಾದ ಕೋಣೆಯೇ 130ರಿಂದ 180ಕ್ಕೆ ಸಿಕ್ಕಿಬಿಡುತ್ತದೆ. ಹಾಗಿರುವಾಗ ಪ್ರತಿದಿನ ಹಾಸ್ಟೆಲ್ ಏಕೆ? ವಾರಕ್ಕೊಮ್ಮೆ ಹೊಸಬರ ಪರಿಚಯಕ್ಕಾಗಿ ಹೋಗಿ, ಉಳಿದ ದಿನ ಕೋಣೆ ಹಿಡಿಯಿರಿ. ಕಾಯ್ದಿರಿಸುವಾಗ ಎರಡು ಮಂಚ ಎಂದು ಖಚಿತಪಡಿಸಿಕೊಳ್ಳಿ. ವಿದೇಶಿಯರ ನೋಂದಣಿಯನ್ನು ಹೋಟೆಲಿನವರೇ ಪೊಲೀಸರ ವ್ಯವಸ್ಥೆಗೆ ಸೇರಿಸುತ್ತಾರೆ. ಪರಿಚಯದವರ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ನೀವೇ ಠಾಣೆಗೆ ಹೋಗಿ ಮಾಡಿಸಬೇಕು. ವಿದೇಶಿಯರನ್ನು ತಿರಸ್ಕರಿಸಬಾರದು ಎಂದು 2024ರಲ್ಲಿ ಸರ್ಕಾರ ಹೋಟೆಲುಗಳಿಗೆ ತಾಕೀತು ಮಾಡಿತು. ಆದರೂ ಸಣ್ಣ ಊರಿನ ಅಗ್ಗದ ವಸತಿಗೃಹದ ಹುಡುಗನಿಗೆ ಪಾಸ್‌ಪೋರ್ಟಿನ ವಿವರ ಎಲ್ಲಿ ತುಂಬಬೇಕೆಂದೇ ಗೊತ್ತಿರುವುದಿಲ್ಲ. ಶ್ಯಾಹೆ, ತುರ್ಫಾನಿನಂಥ ಕಡೆ ವಿದೇಶಿಯರ ಅನಿಸಿಕೆಗಳಿರುವ ಜಾಗವನ್ನೇ ಕಾಯ್ದಿರಿಸಿ. ರಾತ್ರಿ ಹತ್ತಕ್ಕೆ ಬೀದಿಯಲ್ಲಿ ನಡೆಯುವುದಕ್ಕೆ ಇಬ್ಬರು ಹೆಂಗಸರು ಅಂಜಬೇಕಾದ ದೇಶ ಅದಲ್ಲ. ಈ ಒಂದು ವಿಷಯದಲ್ಲಿ ನಿಮ್ಮ ಮನೆಯವರಿಗೆ ಧೈರ್ಯ ಹೇಳಬಹುದು.

ಊಟ. ಮೊಟ್ಟೆಗೂ ಒಲ್ಲೆ ಎನ್ನುವ ಕಟ್ಟು ನಿಮ್ಮದಾದರೆ ಸ್ವಲ್ಪ ಕಷ್ಟ, ಉಪವಾಸವಂತೂ ಅಲ್ಲ. ಮಾಂಸ ಬೇಡ ಎಂದರೆ ಅಡುಗೆಯವನು ಕಣ್ಣಿಗೆ ಕಾಣುವ ತುಂಡುಗಳನ್ನು ತೆಗೆಯುತ್ತಾನೆ. ಹಂದಿಯ ಕೊಬ್ಬು, ಕೋಳಿಯ ಸಾರು, ಸಿಂಪಿಯ ಸಾಸು ಅವನ ಲೆಕ್ಕದಲ್ಲಿ ಮಾಂಸವಲ್ಲ. ಮಾಂಸ, ಮೀನು, ಕೊಬ್ಬು, ಕೋಳಿ ಸಾರಿನ ಪುಡಿ ಯಾವುದೂ ಬೇಡ, ಎಣ್ಣೆಯಲ್ಲಿ ಮಾಡಿ ಎಂದು ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಚಿತ್ರವಾಗಿ ಇಟ್ಟುಕೊಳ್ಳಿ. ಹುಳಿಖಾರದ ಆಲೂಗಡ್ಡೆ ಎಸಳು, ಬದನೆ-ಆಲೂ-ದೊಣ್ಣೆಮೆಣಸಿನ ಪಲ್ಯ, ಎಲೆಕೋಸಿನ ಹುರಿಗಾಯಿ, ಅನ್ನ, ಇವು ಯಾವ ಊರಲ್ಲೂ ಸಿಗುತ್ತವೆ. ಷಿಯಾನಿನ ಲ್ಯಾಂಗ್‌ಪಿ ಎಂಬ ತಣ್ಣನೆಯ ನೂಡಲ್ಸ್ ಸಾಮಾನ್ಯವಾಗಿ ಶುದ್ಧ ಸಸ್ಯಾಹಾರ, ಖಾರವೂ ನಮ್ಮ ನಾಲಿಗೆಗೆ ಒಗ್ಗುತ್ತದೆ. ಚೆಂಗ್ಡುವಿನ ಪ್ರಸಿದ್ಧ ಮಾಪೊ ತೋಫುವಿನಲ್ಲಿ ಕೊಚ್ಚಿದ ಮಾಂಸ ಇರುವುದು ವಾಡಿಕೆ, ಎಚ್ಚರ. ದೊಡ್ಡ ಬೌದ್ಧ ದೇವಾಲಯಗಳ ಆಸುಪಾಸಿನಲ್ಲಿ ಸಸ್ಯಾಹಾರಿ ಊಟದ ಮನೆಗಳಿರುತ್ತವೆ. ಕಟ್ಟುನಿಟ್ಟಾದ ಬೌದ್ಧ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಲಾಂಝೌ ದಾಟಿದ ಮೇಲೆ ಮುಸ್ಲಿಂ ಅಡುಗೆಮನೆಗಳೇ ಹೆಚ್ಚು. ಹಂದಿಯ ಕೊಬ್ಬಿನ ಭಯ ಹೋಗುತ್ತದೆ, ಕುರಿಯ ಸಾರು ಎಲ್ಲೆಲ್ಲೂ ಬರುತ್ತದೆ. ಅಲ್ಲಿ ನಾನ್ ರೊಟ್ಟಿ, ಟೊಮೆಟೊ, ದ್ರಾಕ್ಷಿ, ಕರಬೂಜ ನಿಮ್ಮನ್ನು ಕಾಯುತ್ತವೆ.

ಪ್ರತಿ ರೈಲು ಡಬ್ಬಿಯಲ್ಲೂ ನಿಲ್ದಾಣದಲ್ಲೂ ಕುದಿನೀರಿನ ನಲ್ಲಿ ಇರುತ್ತದೆ, ಪುಕ್ಕಟೆ. ತೆಳು ಅವಲಕ್ಕಿ, ಚಟ್ನಿಪುಡಿ, ಒಂದು ಉಕ್ಕಿನ ಡಬ್ಬಿ ನಿಮ್ಮ ಚೀಲದಲ್ಲಿದ್ದರೆ ರಾತ್ರಿ ರೈಲಿನಲ್ಲಿ ಯಾರನ್ನೂ ಏನನ್ನೂ ಕೇಳಬೇಕಿಲ್ಲ. ತಾಜಾ ಹಣ್ಣು, ತರಕಾರಿ, ಹಾಲಿನ ಪದಾರ್ಥ ಗಡಿಯಲ್ಲಿ ಒಳಗೆ ಬಿಡುವುದಿಲ್ಲ, ಮೊಹರು ಹಾಕಿದ ಪೊಟ್ಟಣಗಳನ್ನೇ ಒಯ್ಯಿರಿ. ಊಟದ ವಿಷಯದಲ್ಲಿ ಇನ್ನೊಂದು ಮಾತು. ನಿಮಗೋಸ್ಕರ ಗೆಳತಿ ತಿಂಗಳಿಡೀ ಆಲೂಗಡ್ಡೆ ತಿನ್ನಬೇಕಾಗಿಲ್ಲ. ದಿನಕ್ಕೆ ಒಂದು ಊಟವನ್ನು ಬೇರೆ ಬೇರೆಯಾಗಿ ಮಾಡಿ. ಲಾಂಝೌಗೆ ಹೋಗಿ ಅಲ್ಲಿನ ದನದ ಮಾಂಸದ ನೂಡಲ್ಸ್ ತಿನ್ನಲಾಗದೆ ಬಂದರೆ ಅವಳು ಅದನ್ನು ಹತ್ತು ವರ್ಷ ಎತ್ತಿ ಆಡುತ್ತಾಳೆ.

ಇದೇ ಲೆಕ್ಕ ದಿನಚರಿಗೂ ಅನ್ವಯಿಸುತ್ತದೆ. ವಾರಕ್ಕೆ ಒಂದು ಹಗಲು ಇಬ್ಬರೂ ಬೇರೆಯಾಗಿ ಸುತ್ತಿ, ಸಂಜೆ ಕೋಣೆಯಲ್ಲಿ ಸೇರಿ. ಸಿಟ್ಟು ಬಂದ ದಿನ ಇದನ್ನು ಶುರು ಮಾಡಿದರೆ ಅದು ಶಿಕ್ಷೆಯಂತೆ ಕಾಣುತ್ತದೆ, ಮೊದಲ ವಾರದಿಂದಲೇ ಇದ್ದರೆ ಯಾರಿಗೂ ಏನೂ ಅನಿಸುವುದಿಲ್ಲ. ಊರುಗಳನ್ನು ಹಂಚಿಕೊಳ್ಳಿ. ದಾಲಿಯ ಟಿಕೆಟ್, ಕೋಣೆ, ದಾರಿ ಎಲ್ಲ ಅವಳದು, ಲಿಜ್ಯಾಂಗಿನದು ನಿಮ್ಮದು, ಚೆಂಗ್ಡು ಅವಳದು, ಷಿಯಾನ್ ನಿಮ್ಮದು. ನಿಮ್ಮ ಊರಿನಲ್ಲಿ ನೀವು ದಾರಿ ತಪ್ಪಿಸಿದರೆ ಅವಳು ಗೊಣಗುವಂತಿಲ್ಲ, ಅವಳ ಊರಿನಲ್ಲಿ ನೀವು ಕೂಡ. ಖರ್ಚನ್ನು ದಿನ ಬಿಟ್ಟು ದಿನ ಒಬ್ಬೊಬ್ಬರು ಕೊಟ್ಟು ಬರೆದಿಟ್ಟು, ಭಾನುವಾರ ಕೂತು ಯುಪಿಐ ಮೂಲಕ ರೂಪಾಯಿಯಲ್ಲೇ ಚುಕ್ತಾ ಮಾಡಿ. ಮೂರು ಯುವಾನಿನ ಸೋಯಾ ಹಾಲಿಗೂ ಅಲ್ಲಲ್ಲೇ ಲೆಕ್ಕ ಹಾಕುವವರ ಜೊತೆ ಪ್ರಯಾಣ ನರಕ. ಲೆಕ್ಕವನ್ನೇ ಇಡದವರ ಜೊತೆಗೂ ಅಷ್ಟೇ.

ಹಣದ ಒಟ್ಟು ಚಿತ್ರ. ಒಂದು ಯುವಾನಿಗೆ 12ರಿಂದ 13 ರೂಪಾಯಿ ಎಂದುಕೊಳ್ಳಿ. ಕೋಣೆಯ ಪಾಲು 80, ಊಟ 60, ರೈಲು-ಬಸ್ಸಿನ ಸರಾಸರಿ 65, ಪ್ರವೇಶ ಶುಲ್ಕ 45, ಒಟ್ಟು ತಲಾ ದಿನಕ್ಕೆ 250 ಯುವಾನ್. ಇಪ್ಪತ್ತೆಂಟು ದಿನಕ್ಕೆ 7,000 ಯುವಾನ್, ಸುಮಾರು 90 ಸಾವಿರ ರೂಪಾಯಿ. ಉಳಿದ 60 ಸಾವಿರದಲ್ಲಿ ಹೋಗುವ ಬರುವ ವಿಮಾನ, ವೀಸಾಗಳು, ಪ್ರಯಾಣ ವಿಮೆ ಮತ್ತು ಲಾವೋಸಿನ ಎರಡು ದಿನ. ಬಿಗಿ, ಆದರೆ ಸಾಲುತ್ತದೆ. ಕೈ ಸುಡುವುದು ಪ್ರವೇಶ ಶುಲ್ಕದಲ್ಲಿ. ಷಿಯಾನಿನ ಮಣ್ಣಿನ ಸೈನ್ಯಕ್ಕೆ, ಎಂದರೆ ಟೆರಾಕೋಟಾ ಯೋಧರ ಪ್ರತಿಮೆಗಳಿಗೆ, 120 ಯುವಾನ್. ದುನ್‌ಹುವಾಂಗಿನ ಮೊಗಾವೋ ಗುಹೆಗಳಿಗೆ ಜನ ಹೆಚ್ಚಿರುವ ಕಾಲದಲ್ಲಿ 238. ಇದರಲ್ಲಿ ಎಂಟು ಗುಹೆ ತೋರಿಸುತ್ತಾರೆ, ಟಿಕೆಟ್ ದಿನಕ್ಕೆ ಇಂತಿಷ್ಟೇ, ಆದ್ದರಿಂದ ವಾರಗಳ ಮೊದಲೇ ಕಾಯ್ದಿರಿಸಬೇಕು. ಮುಗಿದುಹೋಗಿದ್ದರೆ ನಾಲ್ಕು ಗುಹೆಯ 100 ಯುವಾನಿನ ಟಿಕೆಟ್ ಇದೆ. ಉಳಿದ ಕಡೆ ಎಷ್ಟು ಬೇಕಾದರೂ ಜಿಪುಣತನ ಮಾಡಿ, ಮೊಗಾವೋದಲ್ಲಿ ಬೇಡ. ಚಿತ್ರಗಳಿರುವ ಗುಹೆಗಳೇ 492, ನಾಲ್ಕನೆಯ ಶತಮಾನದಿಂದ ಸಾವಿರ ವರ್ಷ ಕೊರೆದದ್ದು. 868ರಲ್ಲಿ ಅಚ್ಚಾದ ಬೌದ್ಧ ಗ್ರಂಥ ವಜ್ರಸೂತ್ರ ಸಿಕ್ಕಿದ್ದು ಅಲ್ಲಿನ 17ನೆಯ ಗುಹೆಯಲ್ಲಿ. ಬಾದಾಮಿ, ಅಜಂತಾ ನೋಡಿದ ಕಣ್ಣಿಗೆ ಅಲ್ಲಿ ಕಾಣುವಷ್ಟು ಬೇರೆಯವರಿಗೆ ಕಾಣುವುದಿಲ್ಲ.

ಷಿನ್‌ಜ್ಯಾಂಗಿನಲ್ಲಿ ತಪಾಸಣೆ ಹೆಚ್ಚು. ಉರುಮ್ಚಿ, ತುರ್ಫಾನಿಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ, ಆದರೆ ಪಾಸ್‌ಪೋರ್ಟನ್ನು ಹೊರತೆಗೆಯುತ್ತಲೇ ಇರಬೇಕು. ಠಾಣೆ, ತಪಾಸಣೆ ಕಟ್ಟೆ, ಸಮವಸ್ತ್ರದವರ ಫೋಟೋ ತೆಗೆಯಬೇಡಿ. ಅಲ್ಲಿನ ಮುಸ್ಲಿಂ ಸಮುದಾಯವಾದ ಉಯ್ಗುರ್ ಜನರ ಬಳಿ ರಾಜಕೀಯ ಕೆದಕಬೇಡಿ. ನಿಮ್ಮ ಕುತೂಹಲದ ಬೆಲೆಯನ್ನು ಅವರು ತೆರುವಂತಾಗಬಾರದು. ಗಡಿಯಾರದ ಗೊಂದಲವೂ ಇದೆ. ಇಡೀ ಚೀನಾಕ್ಕೆ ಬೀಜಿಂಗ್ ಸಮಯವೊಂದೇ, ನಮಗಿಂತ ಎರಡೂವರೆ ಗಂಟೆ ಮುಂದೆ. ಉರುಮ್ಚಿಯ ಜನ ಅದಕ್ಕಿಂತ ಎರಡು ಗಂಟೆ ಹಿಂದಿನ ಸ್ಥಳೀಯ ಸಮಯವನ್ನೂ ಬಳಸುತ್ತಾರೆ. ಅಂಗಡಿಯವನು ಎಂಟಕ್ಕೆ ಬನ್ನಿ ಎಂದರೆ ಯಾವ ಎಂಟು ಎಂದು ಕೇಳಿ. ರೈಲು ಮಾತ್ರ ಬೀಜಿಂಗ್ ಸಮಯಕ್ಕೇ ಹೊರಡುತ್ತದೆ.

ಇಬ್ಬರೂ ಇಂಗ್ಲಿಷಿನಲ್ಲೂ ಚೀನೀ ಲಿಪಿಯಲ್ಲೂ ಆ ರಾತ್ರಿಯ ಹೋಟೆಲಿನ ವಿಳಾಸ, ಇನ್ನೊಬ್ಬರ ಪಾಸ್‌ಪೋರ್ಟಿನ ನಕಲು, ವಿಮೆಯ ಸಂಖ್ಯೆ ಇಟ್ಟುಕೊಳ್ಳಿ. ಪೊಲೀಸರಿಗೆ 110, ಆಂಬುಲೆನ್ಸಿಗೆ 120. ಪಾಸ್‌ಪೋರ್ಟ್ ಕಳೆದರೆ ಹತ್ತಿರದ ಠಾಣೆಗೆ ಮೊದಲು ಹೋಗಿ. ನಮ್ಮ ರಾಯಭಾರ ಕಚೇರಿ ಬೀಜಿಂಗಿನಲ್ಲಿದೆ, ಕಾನ್ಸುಲೇಟುಗಳು ಶಾಂಘೈ, ಗುವಾಂಗ್‌ಝೌಗಳಲ್ಲಿ. ನಿಮ್ಮ ದಾರಿಗೆ ಎಲ್ಲವೂ ದೂರ.

ಕೊನೆಯ ಹಂತದಲ್ಲಿ ಉರುಮ್ಚಿಯಿಂದ ರಾತ್ರಿ ರೈಲಿನಲ್ಲಿ ಖೋರ್ಗೋಸ್ ಸೇರಿ, ಅಲ್ಲಿಂದ ಗಡಿ ದಾಟುವ ಬಸ್ಸು ಹಿಡಿಯಿರಿ. ಎರಡೂ ಕಡೆಯ ರಜೆಗಳನ್ನು ನೋಡಿಕೊಂಡು ವಾರದ ನಡುವಿನ ದಿನವನ್ನೇ ಆರಿಸಿ. ಕಝಾಕಸ್ತಾನ 2024ರ ಮಾರ್ಚಿನಿಂದ ದೇಶಕ್ಕೆಲ್ಲ ಒಂದೇ ಸಮಯ ಮಾಡಿಕೊಂಡಿದೆ, ದಾಟಿದ ಕೂಡಲೇ ಗಡಿಯಾರವನ್ನು ಮೂರು ಗಂಟೆ ಹಿಂದಕ್ಕೆ ತಿರುಗಿಸಿ. ಅಲ್ಮಾತಿಯಿಂದ ಹೊರಡುವ ವಿಮಾನವನ್ನು ಗಡಿ ದಾಟುವ ದಿನದಿಂದ ಕನಿಷ್ಠ ಎರಡು ದಿನ ಬಿಟ್ಟು ಕಾಯ್ದಿರಿಸಿ. ಚೀನಾ ವೀಸಾದಲ್ಲೂ ಅಷ್ಟೇ ದಿನ ಉಳಿದಿರಲಿ, ಗಡಿ ಮುಚ್ಚಿದ್ದರೆ ಖೋರ್ಗೋಸಿನಲ್ಲೇ ಕಾಯಬೇಕಾಗುತ್ತದೆ. ಆ ಊರಿನ ಟಿಕೆಟ್, ಕೋಣೆಯ ಜವಾಬ್ದಾರಿಯನ್ನು ಮಾತ್ರ ಗೆಳತಿಗೆ ಬಿಡದೆ ನೀವೇ ತೆಗೆದುಕೊಳ್ಳಿ.